ಮೂಲೆ ಸೇರಿದ ಟ್ಯಾಬ್ಲೆಟ್‌ಗಳು

ಶಿಕ್ಷಕರೊಬ್ಬರ ಪತ್ರ: ಶಾಲೆಗೆ ದಾನವಾಗಿ ಬಂದ 40 ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಅರ್ಧದಷ್ಟು ವರ್ಷದೊಳಗೇ ಮೂಲೆ ಸೇರಿವೆ. ಕೆಲವು ಚಾರ್ಜ್ ಆಗುವುದಿಲ್ಲ, ಕೆಲವು ರಜೆ ಕಳೆದ ಮೇಲೆ ಆನ್ ಆಗಲೇ ಇಲ್ಲ. ಅಗ್ಗದ್ದೆಂದರೆ ಇಷ್ಟೇನಾ?

ಸಂಪಾದಕರ ಉತ್ತರ: ದಯವಿಟ್ಟು ಈಗಲೇ ಗುಜರಿಗೆ ಹಾಕಬೇಡಿ. ನೀವು ಬರೆದ ಎರಡೂ ತೊಂದರೆಗಳಿಗೆ ಬೆಲೆಗಿಂತ ಹೆಚ್ಚಾಗಿ ಚಾರ್ಜ್ ಮಾಡುವ ರೀತಿಯೇ ಕಾರಣವಾಗಿರಬಹುದು.

ಚಾರ್ಜ್ ಆಗದವನ್ನು ಮೊದಲು ಸರಿಯಿದೆ ಎಂದು ಖಚಿತವಾಗಿರುವ ಚಾರ್ಜರ್, ಕೇಬಲ್ ಹಾಕಿ ನೋಡಿ. ಆಗಲೂ ಆಗದಿದ್ದರೆ ಆಫ್ ಮಾಡಿ, ಚಾರ್ಜಿಂಗ್ ಪಿನ್ನಿನೊಳಗೆ (ಕೇಬಲ್ ಸಿಕ್ಕಿಸುವ ಕಿಂಡಿ) ಕೂತ ಧೂಳನ್ನು ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಪಿನ್ ಅಲ್ಲಾಡುತ್ತಿದೆಯೇ? ಬೆಸುಗೆ ಬಿಟ್ಟಿರಬಹುದು. ಕೇಬಲ್ ಸಿಕ್ಕಿಸಿಕೊಂಡೇ ಮಕ್ಕಳು ಬಳಸುವುದರಿಂದ ಹೀಗಾಗುತ್ತದೆ. ಮೊಬೈಲ್ ರಿಪೇರಿ ಮಾಡುವವರು ಹೊಸ ಪಿನ್ ಕೂರಿಸಿಕೊಡುತ್ತಾರೆ. ಅದುಮಿ ಹಿಡಿದು ಚಾರ್ಜ್ ಮಾಡುತ್ತಾ ಹೋದರೆ ಬೋರ್ಡಿನ ತಾಮ್ರವೇ ಕಿತ್ತು ಬಂದು ರಿಪೇರಿ ಕಷ್ಟವಾಗುತ್ತದೆ.

ರಜೆಯ ನಂತರ ಏಳದವುಗಳಲ್ಲಿ ಬ್ಯಾಟರಿ ಪೂರ್ತಿ ಬರಿದಾಗಿರುತ್ತದೆ. ಪರದೆ ಕಪ್ಪಾಗಿದ್ದರೂ ಒಂದೆರಡು ಗಂಟೆ ಚಾರ್ಜಿಗೆ ಬಿಡಿ, ಎಷ್ಟೋ ಸಲ ಜೀವ ಬರುತ್ತದೆ. ಆದರೆ ಹಿಂಬದಿ ಉಬ್ಬಿದ್ದರೆ, ಪರದೆ ಮೇಲೆದ್ದಿದ್ದರೆ ಚಾರ್ಜಿಗೆ ಹಾಕಲೇಬೇಡಿ, ಒತ್ತಬೇಡಿ, ಚುಚ್ಚಬೇಡಿ, ಬೆಂಕಿಯ ಅಪಾಯವಿದೆ. ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. ಮುಂದಿನ ರಜೆಗೆ ಮುಂಚೆ ಅರ್ಧದಷ್ಟು ಚಾರ್ಜ್ ಉಳಿಸಿ, ಆಫ್ ಮಾಡಿ ತಂಪಾದ ಜಾಗದಲ್ಲಿಡಿ.

ಒಟ್ಟಿಗೆ ಚಾರ್ಜ್ ಮಾಡುವಾಗ ಲೆಕ್ಕ ತಪ್ಪುವವರೇ ಹೆಚ್ಚು. 5 ವೋಲ್ಟ್, 2 ಆಂಪಿಯರ್ ಎಂದರೆ ಒಂದಕ್ಕೆ 10 ವ್ಯಾಟ್, ನಲವತ್ತಕ್ಕೆ 400. 10 ಪೋರ್ಟಿನ, ಒಟ್ಟು 60 ವ್ಯಾಟಿನ ಹಬ್‌ಗೆ (ಹಲವು ಕೇಬಲ್ ಸಿಕ್ಕಿಸುವ ಚಾರ್ಜರ್) ಹತ್ತನ್ನೂ ಸಿಕ್ಕಿಸಿದರೆ ತಲಾ 6 ವ್ಯಾಟ್ ಮಾತ್ರ ಸಿಗುತ್ತದೆ. 4000 ಎಂಎಎಚ್ ಬ್ಯಾಟರಿ ತುಂಬಲು ಮೂರು ಗಂಟೆಯಾದರೂ ಬೇಕು. ಒಂದು ಗಂಟೆಗೇ ಕಿತ್ತು ಕೊಟ್ಟು ‘ಬ್ಯಾಟರಿ ನಿಲ್ಲುತ್ತಿಲ್ಲ’ ಎನ್ನುವುದು ಅನ್ಯಾಯ. ಅಂಥ ಹಬ್‌ಗೆ ಐದೈದರಂತೆ ಎರಡು ಸರದಿ ಮಾಡಿ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದು ಎಕ್ಸ್‌ಟೆನ್ಷನ್ ಸಿಕ್ಕಿಸಬೇಡಿ.

ಬೆಲೆ ತೀರಾ ಇಳಿದರೆ ಪಾಠಕ್ಕೇ ಪೆಟ್ಟು ಬೀಳುವುದೂ ಉಂಟು. 2011ರ ಅಕ್ಟೋಬರ್‌ನಲ್ಲಿ ವಿದ್ಯಾರ್ಥಿಗಳಿಗೆಂದು ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಅಗ್ಗದ ಟ್ಯಾಬ್ಲೆಟ್, ಮೊದಲ ‘ಆಕಾಶ್’ನಲ್ಲಿ ಇದ್ದದ್ದು ಬರೀ 256 ಎಂಬಿ ರ್‍ಯಾಮ್, ಒತ್ತಿದರಷ್ಟೇ ಸ್ಪಂದಿಸುವ ರೆಸಿಸ್ಟಿವ್ ಪರದೆ, ಆಂಡ್ರಾಯ್ಡ್ 2.2. ಆಂಡ್ರಾಯ್ಡಿಗೆ ಕನ್ನಡ ಬಂದದ್ದೇ ಮುಂದಿನ ಆವೃತ್ತಿಯಾದ 4.1ರಲ್ಲಿ. ಹಾಗಾಗಿ ಮುಂದೆ ದಾನ ಬಂದರೆ ಮಕ್ಕಳ ಭಾಷೆಯ ಒಂದು ಪುಟ, ಒಂದು ಪಾಠದ ವಿಡಿಯೊ ಅದರಲ್ಲಿ ತೆರೆದು ನೋಡಿದ ನಂತರವೇ ಒಪ್ಪಿಕೊಳ್ಳಿ.

ರಿಪೇರಿಯಾಗದವು ಉಳಿದರೆ, ಒಂದೇ ಮಾದರಿಯವಾದಲ್ಲಿ ಒಂದರ ಪರದೆ ಇನ್ನೊಂದಕ್ಕೆ ಹೊಂದುತ್ತದೆ. ಒಂದೊಂದಕ್ಕೂ ಏನು ಕೆಟ್ಟಿದೆ ಎಂಬ ಚೀಟಿ ಅಂಟಿಸಿಡಿ.