ವಾರದ ನಡುವಿನ ಸಂಜೆ ಸೋಲುವುದೇಕೆ?

ಬ್ಯಾಂಕೊಂದರಲ್ಲಿ ಲೆಕ್ಕಪರಿಶೋಧನೆ ಮಾಡುವ ಬೆಂಗಳೂರಿನ ಓದುಗರೊಬ್ಬರು ಹೀಗೆ ಬರೆದಿದ್ದಾರೆ: ಭಾನುವಾರ ಬೆಳಿಗ್ಗೆ ಷಟಲ್ ಆಡುವಾಗ ಅವರನ್ನು ಸೋಲಿಸುವುದು ಕಷ್ಟ, ಅದೇ ಜೊತೆಗಾರರೊಡನೆ ವಾರದ ನಡುವೆ ಸಂಜೆ ಆಡಿದರೆ ಸರ್ವ್ ನೆಟ್ಟಿಗೆ ಬಡಿಯುತ್ತದೆ, ಎರಡನೇ ಗೇಮಿಗೆ ಕಾಲು ಏಳುವುದಿಲ್ಲ. ಹಗಲೆಲ್ಲ ಕುರ್ಚಿಯಲ್ಲಿ ಕೂತವನಿಗೆ ದಣಿವೆಲ್ಲಿಂದ ಬಂತು, ವಯಸ್ಸಾಯಿತೇ, ಹೊಸ ರ‍್ಯಾಕೆಟ್ ಕೊಳ್ಳಲೇ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ: ವಯಸ್ಸು ಬುಧವಾರ ಬಂದು ಭಾನುವಾರ ಹೋಗುವಂಥದ್ದಲ್ಲ. ನಿಮ್ಮ ಅನುಮಾನ ಹೋಗಬೇಕಾದದ್ದು ತಲೆಯ ದಣಿವಿನ ಕಡೆಗೆ.

ವೇಲ್ಸಿನ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ಯುಯೆಲ್ ಮಾರ್ಕೋರಾ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, 16 ಮಂದಿ ಒಂದು ದಿನ 90 ನಿಮಿಷ ಕಂಪ್ಯೂಟರಿನ ಮುಂದೆ ಗಮನ ಬೇಡುವ ಪರೀಕ್ಷೆ ಮಾಡಿ, ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ನೋಡಿ, ಎರಡೂ ದಿನ ಕೈಲಾಗದಾಗುವವರೆಗೆ ಸೈಕಲ್ ತುಳಿದರು. ಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡು ತುಳಿದವರು ಪರೀಕ್ಷೆಯ ದಿನ 640 ಸೆಕೆಂಡಿಗೇ ಕೈಚೆಲ್ಲಿದರು. ಈ ಅಂತರಕ್ಕೆ ಕಾರಣವೆನ್ನಬಹುದಾದ ಬದಲಾವಣೆ ಹೃದಯದ ಅಳತೆಯಲ್ಲೂ ರಕ್ತದಲ್ಲೂ ಸಿಗಲಿಲ್ಲ; ಬದಲಾದದ್ದು ಅದೇ ಶ್ರಮ ಮೊದಲಿನಿಂದಲೇ ಹೆಚ್ಚು ಭಾರವೆನಿಸಿದ್ದು. ಈ ಪರಿಣಾಮ ಮೊದಲು ಕಂಡಷ್ಟು ದೊಡ್ಡದಲ್ಲವೆಂಬ ವಾದ ಆಮೇಲೆ ಬಂದಿದೆ, ಆದರೆ ನಿಮ್ಮ ಅನುಭವಕ್ಕೆ ಇದಕ್ಕಿಂತ ಹತ್ತಿರದ ವಿವರಣೆ ನನಗೆ ಕಾಣದು.

ಷಟಲ್‌ನಲ್ಲಿ ಇದು ಎಲ್ಲ ಹೊಡೆತಗಳನ್ನೂ ಒಂದೇ ಸಮನೆ ಕೆಡಿಸುವುದಿಲ್ಲ. ಕ್ಷಣಮಾತ್ರದ ಪೂರ್ಣ ಬಲಕ್ಕೆ ತಲೆದಣಿವಿನಿಂದ ಹೆಚ್ಚು ಪೆಟ್ಟಿಲ್ಲವಾದ್ದರಿಂದ ನಿಮ್ಮ ಸ್ಮ್ಯಾಶ್ ಬುಧವಾರವೂ ಸದ್ದು ಮಾಡುತ್ತದೆ. ಎದುರಾಳಿಯ ಮಣಿಕಟ್ಟು ನೋಡಿ ನೆಟ್ಟಿನ ಬಳಿ ಬೀಳುವ ಡ್ರಾಪೋ ಹಿಂದಕ್ಕೆ ಎತ್ತಿ ಹೊಡೆಯುವ ಟಾಸೋ ಎಂದು ನಿರ್ಧರಿಸುವ ಗಳಿಗೆಯಲ್ಲಿ ಮಾತ್ರ ನೀವು ಅರೆಹೆಜ್ಜೆ ಹಿಂದೆ ಬೀಳುತ್ತೀರಿ. ನಡುವೆ ಬಿದ್ದ ಷಟಲನ್ನು ಇಬ್ಬರೂ “ನಿಂದು” ಎಂದು ಬಿಡುವುದೂ ಇಂಥ ಸಂಜೆಗಳಲ್ಲೇ. ಕರಡು ತಿದ್ದಿದ ದಿನ ಟೇಬಲ್ ಟೆನಿಸ್ ಆಡಲು ಹೋಗಿ ನಾನೂ ಹೀಗೆ ನಗೆಪಾಟಲಾಗಿದ್ದೇನೆ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಕಚೇರಿಯಿಂದ ಕೋರ್ಟಿಗೆ ಹೋಗುವ ದಾರಿಯಲ್ಲಿ ಮೊಬೈಲ್ ಉಜ್ಜುವುದನ್ನು ವಿಶ್ರಾಂತಿಯೆಂದು ಎಣಿಸಬೇಡಿ. ಅದೂ ಗಮನದ ಖರ್ಚೇ. ಹತ್ತು ನಿಮಿಷ ಸುಮ್ಮನೆ ನಡೆಯಿರಿ. ಮೆದುಳಿನಲ್ಲಿ ದಣಿವಿನ ಸೂಚನೆ ಕೊಡುವ ಅಡೆನೋಸಿನ್‌ಗೆ ಕೆಫೀನ್ ಅಡ್ಡ ನಿಲ್ಲುವುದರಿಂದ ಅರ್ಧ ಲೋಟ ಕಾಫಿಯೂ ನೆರವಾದೀತು, ಆದರೆ ಏಳು ಗಂಟೆಯ ಕಾಫಿ ರಾತ್ರಿಯ ನಿದ್ದೆ ಕಿತ್ತುಕೊಂಡರೆ ಮರುದಿನದ ತಲೆ ಇನ್ನೂ ಭಾರ. ಆಡಿಟ್ ಮುಗಿಯುವವರೆಗೆ ಸಂಜೆ ಅಂಕವಿಲ್ಲದೆ ರ‍್ಯಾಲಿ ಆಡಿ, ಪಂದ್ಯಗಳನ್ನು ಭಾನುವಾರಕ್ಕಿಡಿ. ಭಾನುವಾರವೂ ಏದುಸಿರು ಬಂದರೆ, ಅಥವಾ ಆಡುವಾಗ ಎದೆ ಬಿಗಿದರೆ, ತಲೆದಣಿವೆಂದು ಸುಮ್ಮನಿರದೆ ವೈದ್ಯರನ್ನು ಕಾಣಿರಿ.

ಭಾನುವಾರ ಗೆಲ್ಲುತ್ತಿರುವುದೂ ಹಳೆಯ ರ‍್ಯಾಕೆಟ್ಟಿನಿಂದಲೇ ಅಲ್ಲವೇ? ಹೊಸದು ಸದ್ಯಕ್ಕೆ ಬೇಡ.