ಕೊನೆಯ ಪ್ಯಾರಾದ ಕಬ್ಬನ್ನು ಮೊದಲಿಗೆ ತನ್ನಿ

ನಮಸ್ಕಾರ.

ಮಂಡ್ಯದಿಂದ ನೀವು ಕಳಿಸಿದ ‘ಬ್ಯಾಕ್ಟೀರಿಯಾ: ಬೆಳವಣಿಗೆ ಮತ್ತು ಪೋಷಣೆ’ ಲೇಖನ ಕೈಸೇರಿದೆ. ನೇರವಾಗಿ ಹೇಳಿಬಿಡುತ್ತೇನೆ, ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ತಿರಸ್ಕರಿಸುತ್ತಲೂ ಇಲ್ಲ. ವಿಷಯ ಓದಿಕೊಂಡಿದ್ದೀರಿ, ವಾಕ್ಯಗಳು ತಿಳಿಯಾಗಿವೆ. ಆದರೆ ಬೆಳವಣಿಗೆಯ ನಾಲ್ಕು ಹಂತ (ಲ್ಯಾಗ್, ಘಾತೀಯ, ಸ್ಥಿರ, ಸಾವು), ಪೋಷಣೆಯ ವಿಧಗಳು, ಉಷ್ಣತೆಯ ಗುಂಪುಗಳು, ಆಮ್ಲಜನಕದ ಗುಂಪುಗಳು ಎಂದು ಪುಟ ಪುಟವೂ ವ್ಯಾಖ್ಯೆಗಳೇ ತುಂಬಿವೆ. ಪದವಿ ತರಗತಿಯ ಟಿಪ್ಪಣಿಯನ್ನು ಕನ್ನಡಕ್ಕೆ ತಂದಂತಿದೆ. ಕಟ್ಟಕಡೆಯ ಪ್ಯಾರಾದಲ್ಲಿ ಮಾತ್ರ, ‘ನಮ್ಮ ಕಡೆ ಕಡಿದ ಕಬ್ಬು ಎರಡು ದಿನ ಬಿದ್ದಿದ್ದರೆ ಹುಳಿ ವಾಸನೆ ಬರುತ್ತದೆ, ಅದಕ್ಕೂ ಬ್ಯಾಕ್ಟೀರಿಯಾವೇ ಕಾರಣ’ ಎಂದು ಬರೆದು ಮುಗಿಸಿದ್ದೀರಿ. ನಿಮ್ಮ ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

ಕಬ್ಬಿಗೆ ಆಮೇಲೆ ಬರುತ್ತೇನೆ. ಮೊದಲು ತಪ್ಪುಗಳನ್ನು ನೋಡೋಣ. ಅವೆಲ್ಲಕ್ಕೂ ಬೇರು ಒಂದೇ: ಬೆಳವಣಿಗೆಯನ್ನು ಬ್ಯಾಕ್ಟೀರಿಯಾದ ಹುಟ್ಟುಗುಣ ಎಂಬಂತೆ ಬರೆದಿದ್ದೀರಿ. ಅದು ಜೀವಕೋಶಕ್ಕೂ ಅದರ ಸುತ್ತಲಿನ ಪರಿಸರಕ್ಕೂ ನಡುವೆ ನಡೆಯುವ ವ್ಯವಹಾರ. ಯಾವ ಆಹಾರ, ಎಷ್ಟು ಬಿಸಿ, ಎಷ್ಟು ಹುಳಿ, ಗಾಳಿ ಉಂಟೋ ಇಲ್ಲವೋ ಎಂಬುದನ್ನು ಹೇಳದೆ ಕೊಟ್ಟ ಸಂಖ್ಯೆಯಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ.

‘ಬ್ಯಾಕ್ಟೀರಿಯಾ ಪ್ರತಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ’ ಎಂಬ ನಿಮ್ಮ ಮೊದಲ ವಾಕ್ಯವನ್ನೇ ತೆಗೆದುಕೊಳ್ಳಿ. ಯಾವ ಬ್ಯಾಕ್ಟೀರಿಯಾ? ನಮ್ಮ ಕರುಳಿನಲ್ಲಿರುವ ಇ. ಕೋಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಚೆನ್ನಾಗಿ ಗಾಳಿಯಾಡುವ ಪೌಷ್ಟಿಕ ಮಾಧ್ಯಮದಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಆಹಾರದ್ರವದಲ್ಲಿ) ಇದ್ದಾಗ 20 ನಿಮಿಷ ಸರಿ. ಅದನ್ನೇ ಬರೀ ಗ್ಲೂಕೋಸ್ ಮತ್ತು ಕೆಲವು ಲವಣಗಳಿರುವ ಮಾಧ್ಯಮಕ್ಕೆ ಹಾಕಿದರೆ ಸುಮಾರು ಒಂದು ಗಂಟೆ ಹಿಡಿಯುತ್ತದೆ, ಏಕೆಂದರೆ ಅಮೈನೋ ಆಮ್ಲಗಳನ್ನೆಲ್ಲ ಅದೇ ತಯಾರಿಸಿಕೊಳ್ಳಬೇಕು. ಕ್ಷಯದ ಬ್ಯಾಕ್ಟೀರಿಯಾಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಕಫದ ಕಲ್ಚರ್ ವರದಿ ಬರಲು ವಾರಗಟ್ಟಲೆ ಕಾಯಿಸುವುದು ಅದಕ್ಕೇ. ಕುಷ್ಠದ ಬ್ಯಾಕ್ಟೀರಿಯಾಕ್ಕೆ ಸುಮಾರು ಎರಡು ವಾರ, ಅದನ್ನು ಕೃತಕ ಮಾಧ್ಯಮದಲ್ಲಿ ಬೆಳೆಸಲು ಈವರೆಗೆ ಯಾರಿಗೂ ಆಗಿಲ್ಲ. ಈ ನಾಲ್ಕನ್ನು ಒಂದೇ ಪ್ಯಾರಾದಲ್ಲಿ ಅಕ್ಕಪಕ್ಕ ಇಟ್ಟುನೋಡಿ, ನಿಮ್ಮ ಎರಡು ಪುಟದ ವ್ಯಾಖ್ಯೆ ಹೇಳದ್ದನ್ನು ಅವು ಹೇಳುತ್ತವೆ.

ಅದೇ ಪುಟದಲ್ಲಿ ‘ಎರಡೇ ದಿನದಲ್ಲಿ ಭೂಮಿಯನ್ನೇ ಮುಚ್ಚಿಬಿಡಬಲ್ಲವು’ ಎಂದಿದ್ದೀರಿ. ಲೆಕ್ಕ ಮಾಡಿ ತೋರಿಸಿ. 48 ಗಂಟೆಯಲ್ಲಿ 144 ಸಲ ದ್ವಿಗುಣ. ಎರಡನ್ನು 144 ಸಲ ಗುಣಿಸಿದರೆ 2.2 ಗುಣಿಸು ಹತ್ತರ 43ನೇ ಘಾತ. ಒಂದು ಕೋಶದ ತೂಕ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಎಂದಿಟ್ಟುಕೊಂಡರೂ ಒಟ್ಟು ತೂಕ ಭೂಮಿಯ ತೂಕದ ಮೂರೂವರೆ ಸಾವಿರ ಪಟ್ಟಿಗೂ ಮಿಗಿಲು. ಹಾಗೆ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಏಕೆ ಆಗುವುದಿಲ್ಲ ಎಂಬುದನ್ನು ನೀವು ಬರೆಯಬೇಕಿತ್ತು. ಪೌಷ್ಟಿಕ ಮಾಧ್ಯಮದ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಶ ಇಟ್ಟು ಶುರುಮಾಡಿದರೆ, ನೂರು ಕೋಟಿ ಮುಟ್ಟಲು 20 ದ್ವಿಗುಣ ಸಾಕು. ಅಂದರೆ ಏಳು ಗಂಟೆಯೊಳಗೆ ಆಟ ಮುಗಿಯುತ್ತದೆ. ಆಹಾರ ಬರಿದಾಗುತ್ತದೆ, ಆಮ್ಲ ಶೇಖರವಾಗುತ್ತದೆ, ಕರಗಿದ ಆಮ್ಲಜನಕ ಸಾಲದಾಗುತ್ತದೆ, ಸಂಖ್ಯೆ ಅಲ್ಲಿಗೇ ನಿಲ್ಲುತ್ತದೆ. ಸ್ಥಿರ ಹಂತ ಅಂದರೆ ಇಷ್ಟೇ.

20 ನಿಮಿಷದ ಬಗ್ಗೆ ಇನ್ನೊಂದು ಸಂಗತಿಯನ್ನು ಖಂಡಿತ ಸೇರಿಸಿ. ಇ. ಕೋಲಿಯ ಡಿಎನ್‌ಎ ಪೂರ್ತಿ ನಕಲಾಗಲು ಸುಮಾರು 40 ನಿಮಿಷ ಬೇಕು. ಮತ್ತೆ 20 ನಿಮಿಷಕ್ಕೆ ಕೋಶ ಒಡೆಯುವುದು ಹೇಗೆ? ಮೊದಲ ನಕಲು ಮುಗಿಯುವ ಮೊದಲೇ ಎರಡನೆಯದು ಶುರುವಾಗಿರುತ್ತದೆ. ಹುಟ್ಟುವ ಮರಿಕೋಶದೊಳಗೆ ಅದರ ಮಕ್ಕಳಿಗಾಗಿ ನಕಲು ಆಗಲೇ ಅರ್ಧ ದಾರಿಗೆ ಬಂದಿರುತ್ತದೆ. ಈ ವಿಷಯ ಬಿಟ್ಟು ಕೋಶವಿಭಜನೆಯ ಬಗ್ಗೆ ಅರ್ಧ ಪುಟ ಬರೆದಿದ್ದು ನನಗೆ ನಿಜಕ್ಕೂ ಬೇಸರ ತಂದಿತು.

ಲ್ಯಾಗ್ ಹಂತವನ್ನು, ಅಂದರೆ ದ್ವಿಗುಣ ಶುರುವಾಗುವ ಮೊದಲಿನ ಅವಧಿಯನ್ನು, ‘ವಿಶ್ರಾಂತಿಯ ಹಂತ’ ಎಂದಿದ್ದೀರಿ. ತೆಗೆದುಹಾಕಿ. ಆಗ ಕೋಶಗಳ ಸಂಖ್ಯೆ ಏರುವುದಿಲ್ಲ, ಒಳಗೆ ಕೆಲಸ ಭರದಿಂದ ನಡೆದಿರುತ್ತದೆ: ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಳು ತಯಾರಾಗುತ್ತವೆ, ಹೊಸ ಆಹಾರಕ್ಕೆ ಬೇಕಾದ ಕಿಣ್ವಗಳು ಹುಟ್ಟುತ್ತವೆ, ಕೋಶ ಗಾತ್ರದಲ್ಲಿ ದಪ್ಪಗಾಗುತ್ತದೆ. ಈ ಹಂತ ಎಷ್ಟು ಹೊತ್ತು ಎಂಬುದು ಕೋಶ ಎಲ್ಲಿಂದ ಬಂತು ಎಂಬುದರ ಮೇಲೆ ನಿಂತಿದೆ. ರಾತ್ರಿಯ ತಾಜಾ ಮೊಸರನ್ನು ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ವಾರದಿಂದ ಫ್ರಿಜ್ಜಿನಲ್ಲಿ ಹುಳಿಯುತ್ತ ಕೂತ ಮೊಸರಿನ ಹೆಪ್ಪು ತಡಮಾಡುತ್ತದೆ. ಹೆಪ್ಪು ಎಷ್ಟೇ ಒಳ್ಳೆಯದಿರಲಿ, ಹಾಲು ಕೈಸುಡುವಷ್ಟು ಬಿಸಿಯಿದ್ದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಪ್ರಯೋಗಾಲಯದ ಉದಾಹರಣೆ ಬೇಕಾದರೆ ಫ್ರೆಂಚ್ ಜೀವವಿಜ್ಞಾನಿ ಜಾಕ್ ಮೊನೊ ಅವರದ್ದಿದೆ. 1940ರ ದಶಕದ ಆರಂಭದಲ್ಲಿ ಪ್ಯಾರಿಸ್‌ನಲ್ಲಿ ಅವರು ಬ್ಯಾಕ್ಟೀರಿಯಾಕ್ಕೆ ಎರಡು ಬಗೆಯ ಸಕ್ಕರೆಯನ್ನು ಒಟ್ಟಿಗೆ ಕೊಟ್ಟು ನೋಡಿದರು. ಗ್ಲೂಕೋಸ್ ಮತ್ತು ಲ್ಯಾಕ್ಟೋಸ್ ಎರಡೂ ಇದ್ದರೆ ಇ. ಕೋಲಿ ಮೊದಲು ಗ್ಲೂಕೋಸನ್ನು ಪೂರ್ತಿ ತಿಂದು, ಸ್ವಲ್ಪ ಹೊತ್ತು ನಿಂತು, ಲ್ಯಾಕ್ಟೋಸ್ ಒಡೆಯುವ ಕಿಣ್ವ ತಯಾರಾದ ಮೇಲೆ ಮತ್ತೆ ಬೆಳೆಯುತ್ತದೆ. ಮಧ್ಯದಲ್ಲಿ ಎರಡನೇ ಲ್ಯಾಗ್! ಜೀನ್‌ಗಳ ನಿಯಂತ್ರಣ ಕುರಿತ ಕೆಲಸಕ್ಕೆ 1965ರಲ್ಲಿ ಮೊನೊ, ಫ್ರಾನ್ಸ್ವಾ ಜಾಕೋಬ್ ಮತ್ತು ಆಂದ್ರೆ ಲ್ವೋಫ್ ಅವರಿಗೆ ನೊಬೆಲ್ ಬಂತು. ಆ ದಾರಿ ಶುರುವಾದದ್ದು ಇಂಥದ್ದೊಂದು ಬೆಳವಣಿಗೆಯ ರೇಖೆಯಿಂದ.

ರೇಖೆ ಅಂದಾಗ ನೆನಪಾಯಿತು, ನಿಮ್ಮ ಗ್ರಾಫ್ ಬದಲಾಗಬೇಕು. ಸಾಮಾನ್ಯ ಅಳತೆಯ ಅಕ್ಷದ ಮೇಲೆ ಬರೆದಿರುವುದರಿಂದ ಮೊದಲರ್ಧ ನೆಲಕ್ಕೆ ಅಂಟಿಕೊಂಡು ಆಮೇಲೆ ಗೋಡೆಯಂತೆ ಎದ್ದಿದೆ. ಲಾಗರಿದಮ್ ಅಕ್ಷದಲ್ಲಿ (ಪ್ರತಿ ಗೀಟಿಗೂ ಹತ್ತು ಪಟ್ಟು ಏರುವ ಅಳತೆಯಲ್ಲಿ) ಬರೆಯಿರಿ, ಸಂಖ್ಯೆ ದ್ವಿಗುಣವಾಗುತ್ತ ಹೋಗುವ ಘಾತೀಯ ಹಂತ ನೇರ ಗೆರೆಯಾಗಿ ಕಾಣುತ್ತದೆ, ದ್ವಿಗುಣದ ಸಮಯವನ್ನು ಓದುಗರೇ ಅಳೆಯಬಹುದು. ಜೊತೆಗೆ ಲಂಬ ಅಕ್ಷದಲ್ಲಿ ಏನನ್ನು ಅಳೆದಿದ್ದು ಎಂದು ಬರೆದೇ ಇಲ್ಲ. ದ್ರವ ಎಷ್ಟು ಮಬ್ಬಾಗಿದೆ ಎಂದು ಅಳೆದರೆ ಸತ್ತ ಕೋಶವೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಸಾವಿನ ಹಂತ ಆ ಅಳತೆಯಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಬದುಕಿರುವುದನ್ನು ಎಣಿಸಬೇಕಾದರೆ ಅಗರ್‌ನಿಂದ ಗಟ್ಟಿ ಮಾಡಿದ ಮಾಧ್ಯಮವಿರುವ ಪ್ಲೇಟಿನ ಮೇಲೆ ಬೆಳೆಸಬೇಕು. ಆ ವಿಧಾನಕ್ಕೆ ನೀವು ಒಂದೇ ಸಾಲು ಕೊಟ್ಟಿದ್ದೀರಿ, ಹೀಗೆ ಬಿಡಿಸಿ ಬರೆಯಿರಿ: ಒಂದು ಮಿಲಿಲೀಟರ್ ಮಾದರಿಯನ್ನು ಒಂಬತ್ತು ಮಿಲಿಲೀಟರ್ ಶುದ್ಧೀಕರಿಸಿದ ಲವಣದ್ರಾವಣಕ್ಕೆ ಸೇರಿಸಿ ಕಲಕಬೇಕು, ಅದರಿಂದ ಮತ್ತೆ ಒಂದು ಮಿಲಿಲೀಟರ್ ಮುಂದಿನ ಕೊಳವೆಗೆ, ಹೀಗೆ ಆರು ಸಲ. ಕೊನೆಯ ಕೊಳವೆಯಿಂದ 0.1 ಮಿಲಿಲೀಟರ್ ಪ್ಲೇಟಿನ ಮೇಲೆ ಹರಡಿ, ಮರುದಿನ 42 ಕಾಲೊನಿ (ಒಂದೊಂದು ಕೋಶದಿಂದ ಬೆಳೆದ ಚುಕ್ಕೆ) ಕಂಡರೆ ಮೂಲ ಮಾದರಿಯ ಮಿಲಿಲೀಟರಿಗೆ 42 ಕೋಟಿ. 30ರಿಂದ 300 ಕಾಲೊನಿ ಇರುವ ಪ್ಲೇಟನ್ನೇ ಎಣಿಸುವುದು ರೂಢಿ. ಅದಕ್ಕಿಂತ ಕಡಿಮೆಯಿದ್ದರೆ ಆಕಸ್ಮಿಕದ ಏರುಪೇರು ಹೆಚ್ಚು, ಜಾಸ್ತಿಯಿದ್ದರೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಎಲ್ಲಿ ಕೆಡುತ್ತದೆ ಎಂಬುದನ್ನೂ ಬರೆಯಿರಿ. ಪ್ರತಿ ಹೆಜ್ಜೆಗೂ ಪಿಪೆಟ್ (ದ್ರವ ಅಳೆದು ಹಾಕುವ ನಳಿಕೆ) ಬದಲಿಸದಿದ್ದರೆ ಅದರ ಒಳಗೋಡೆಗೆ ಅಂಟಿದ ಕೋಶಗಳು ಮುಂದಿನ ಕೊಳವೆಗೆ ಹೋಗಿ ಲೆಕ್ಕ ಉಬ್ಬುತ್ತದೆ. ಸರಪಳಿಯಾಗಿ ಬೆಳೆಯುವ ಬ್ಯಾಕ್ಟೀರಿಯಾವಾದರೆ ಹತ್ತು ಕೋಶ ಸೇರಿ ಒಂದೇ ಕಾಲೊನಿ ಆಗುತ್ತದೆ, ಲೆಕ್ಕ ಇಳಿಯುತ್ತದೆ.

ಪೋಷಣೆಯ ಭಾಗದಲ್ಲಿ ಅಗರ್ ಅನ್ನು ಪೋಷಕಾಂಶಗಳ ಪಟ್ಟಿಗೆ ಸೇರಿಸಿದ್ದೀರಿ. ಅದು ಆಹಾರವಲ್ಲ, ಹೆಚ್ಚಿನ ಬ್ಯಾಕ್ಟೀರಿಯಾಗಳು ಅದನ್ನು ಜೀರ್ಣಿಸಲಾರವು, ಅದಕ್ಕಾಗಿಯೇ ಅದು ಉಪಯೋಗಕ್ಕೆ ಬಂದದ್ದು. ಮೊದಲು ಬಳಸುತ್ತಿದ್ದ ಜೆಲಟಿನ್ 37 ಡಿಗ್ರಿಯಲ್ಲಿ ಕರಗಿಹೋಗುತ್ತಿತ್ತು, ಕೆಲವು ಬ್ಯಾಕ್ಟೀರಿಯಾ ಅದನ್ನೇ ತಿಂದು ನೀರು ಮಾಡುತ್ತಿದ್ದವು. ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದ ರಾಬರ್ಟ್ ಕಾಖ್ ಅವರ ಪ್ರಯೋಗಾಲಯಕ್ಕೆ ಅಗರ್ ಬಂದದ್ದು ಅವರ ಸಹೋದ್ಯೋಗಿಯ ಪತ್ನಿ ಫ್ಯಾನಿ ಹೆಸ್ಸೆ ಅವರ ಸಲಹೆಯಿಂದ, 1880ರ ದಶಕದ ಆರಂಭದಲ್ಲಿ. ಉಳಿದ ವರ್ಗೀಕರಣವನ್ನೆಲ್ಲ ಒಂದು ಪ್ಯಾರಾಕ್ಕೆ ಇಳಿಸಿ.

‘ಫ್ರಿಜ್ಜಿನಲ್ಲಿ ಬ್ಯಾಕ್ಟೀರಿಯಾ ಸಾಯುತ್ತವೆ, ಕುದಿಸಿದರೆ ಎಲ್ಲವೂ ನಾಶ’ ಎಂಬೆರಡು ವಾಕ್ಯಗಳು ಅಪಾಯಕಾರಿ. ಚಳಿಯಲ್ಲಿ ಬಹುತೇಕ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಧಾನವಾಗುತ್ತದೆ ಅಷ್ಟೆ. ಆಹಾರದ ಮೂಲಕ ರೋಗ ತರುವ ಲಿಸ್ಟೀರಿಯಾ ಮೊನೊಸೈಟೊಜೀನ್ಸ್ 4 ಡಿಗ್ರಿಯಲ್ಲೂ ಬೆಳೆಯುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು (ಗಟ್ಟಿ ಕವಚದೊಳಗಿನ ಸುಪ್ತ ರೂಪ) ಅನ್ನ ಬೇಯುವ ಬಿಸಿಯನ್ನು ತಾಳಿಕೊಂಡು ಉಳಿಯುತ್ತವೆ. ರಾತ್ರಿಯಿಡೀ ಅಡುಗೆಮನೆ ಕಟ್ಟೆಯ ಮೇಲಿದ್ದ ಅನ್ನದಲ್ಲಿ ಅವು ಮೊಳೆತು ವಿಷ ತಯಾರಿಸಿದರೆ, ಬೆಳಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದಾಗ ಬ್ಯಾಕ್ಟೀರಿಯಾ ಸತ್ತರೂ ವಾಂತಿ ಬರಿಸುವ ಆ ವಿಷ ಹೋಗುವುದಿಲ್ಲ. ಬೀಜಾಣು ಸಾಯಲು ಆಟೋಕ್ಲೇವಿನ ಒತ್ತಡದ ಹಬೆ ಬೇಕು, 121 ಡಿಗ್ರಿ, 15 ನಿಮಿಷ. ನಮ್ಮ ಓದುಗರು ಇದನ್ನು ಅಡುಗೆಮನೆಗೆ ಒಯ್ಯುತ್ತಾರೆ, ಆದ್ದರಿಂದ ಇಲ್ಲಿ ಒಂದಕ್ಷರವೂ ತಪ್ಪಬಾರದು.

ಈಗ ಕಬ್ಬು. 1933ರಲ್ಲೇ ಸಕ್ಕರೆ ಕಂಪನಿ ಸ್ಥಾಪನೆಯಾದ ಊರಿನಲ್ಲಿ ಕೂತು ಬರೆಯುತ್ತಿದ್ದೀರಿ, ಆಲೆಮನೆಗಳು ಕೂಗಳತೆಯಲ್ಲಿವೆ. ಕಡಿದ ಕಬ್ಬನ್ನು ಹಾಳುಮಾಡುವ ಮುಖ್ಯ ಬ್ಯಾಕ್ಟೀರಿಯಾ ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್. ಮಣ್ಣಿನಲ್ಲಿ, ಗರಿಯ ಮೇಲೆ ಅದು ಇದ್ದೇ ಇರುತ್ತದೆ, ಸಿಪ್ಪೆ ಗಟ್ಟಿಯಿರುವ ತನಕ ಒಳಗೆ ದಾರಿಯಿಲ್ಲ. ಮಚ್ಚು ಬಿದ್ದ ಕೂಡಲೇ ಜಲ್ಲೆಯ ಎರಡೂ ತುದಿಯಲ್ಲಿ ರಸ ಜಿನುಗುತ್ತದೆ, ಆ ಹಸಿ ಗಾಯದಿಂದ ಅದು ಒಳಹೊಗುತ್ತದೆ. ಅಲ್ಲಿ ಅದಕ್ಕೆ ಬೇಕಾದ್ದೆಲ್ಲ ಉಂಟು. ಹೇರಳ ಸುಕ್ರೋಸ್ (ನಾವು ತಿನ್ನುವ ಸಕ್ಕರೆ), ತಾನೇ ತಯಾರಿಸಿಕೊಳ್ಳಲಾರದ ಅಮೈನೋ ಆಮ್ಲ ಮತ್ತು ವಿಟಮಿನ್‌ಗಳು, 5ಕ್ಕಿಂತ ತುಸು ಮೇಲಿನ ಪಿ.ಎಚ್. (ಹುಳಿಯ ಅಳತೆ), 25–30 ಡಿಗ್ರಿ ಬಿಸಿ. ಆಮ್ಲಜನಕ ಇರಲಿ ಬಿಡಲಿ, ಅದರ ಕೆಲಸ ನಡೆಯುತ್ತದೆ. ನೀವು ನಾಲ್ಕು ಅಧ್ಯಾಯ ಮಾಡಿ ಬಿಡಿಬಿಡಿಯಾಗಿ ಹೇಳಿದ ಪೋಷಣೆ, ಆಮ್ಲತೆ, ಉಷ್ಣತೆ, ಗಾಳಿ ನಾಲ್ಕೂ ಆ ಜಲ್ಲೆಯ ತುದಿಯಲ್ಲಿ ಒಂದೇ ಕಡೆ ಸಿಗುತ್ತವೆ.

ಅದು ಹೊರಬಿಡುವ ಕಿಣ್ವ ಸುಕ್ರೋಸನ್ನು ಒಡೆದು ಗ್ಲೂಕೋಸ್ ತುಣುಕುಗಳನ್ನು ಉದ್ದುದ್ದ ಪೋಣಿಸುತ್ತದೆ. ಆ ಲೋಳೆಯೇ ಡೆಕ್ಸ್‌ಟ್ರಾನ್. ಸಕ್ಕರೆ ನಷ್ಟವಾಗುವುದು ಒಂದು ಕಡೆ, ರಸ ಮಂದವಾಗಿ ಸೋಸುವುದು ನಿಧಾನವಾಗುತ್ತದೆ, ಸಕ್ಕರೆಯ ಹರಳು ಸೂಜಿಯಂತೆ ನೀಳವಾಗುತ್ತದೆ. ಇದರ ಜೊತೆಗೆ ಕಬ್ಬಿನದೇ ಇನ್ವರ್ಟೇಸ್ ಕಿಣ್ವ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತಿರುತ್ತದೆ. ಹಳಸಿದ ಕಬ್ಬಿನ ಬೆಲ್ಲ ಸರಿಯಾಗಿ ಗಟ್ಟಿಯಾಗದೆ ಮಳೆಗಾಲದಲ್ಲಿ ನೀರೊಡೆಯುವುದಕ್ಕೆ ಈ ಒಡೆದ ಸಕ್ಕರೆಯೇ ಕಾರಣ. ಎರಡನ್ನೂ ಬೇರೆಬೇರೆಯಾಗಿ ಬರೆಯಿರಿ, ಎಲ್ಲವನ್ನೂ ಬ್ಯಾಕ್ಟೀರಿಯಾದ ತಲೆಗೆ ಕಟ್ಟಬೇಡಿ. ಕಡಿದ 24 ಗಂಟೆಯೊಳಗೆ ಅರೆಯಬೇಕು, ಕಾಯುವುದಿದ್ದರೆ ನೆರಳಲ್ಲಿಡಬೇಕು, ತುಂಡು ಹೆಚ್ಚಾದಷ್ಟೂ ಗಾಯ ಹೆಚ್ಚು ಎಂಬ ರೈತರ ಅನುಭವದ ಮಾತಿಗೆ ಕಾರಣ ಕೊಡುವ ಅವಕಾಶ ನಿಮ್ಮದು. ಬರೆಯುವ ಮೊದಲು ನಿಮ್ಮೂರಿನ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಕಬ್ಬಿನ ತಜ್ಞರೊಬ್ಬರನ್ನು ಕಂಡು ಮಾತಾಡಿ.

ಇದೇ ಬ್ಯಾಕ್ಟೀರಿಯಾ ಮೈಸೂರಿನ ಹೋಟೆಲುಗಳಲ್ಲೂ ಮನೆಗಳಲ್ಲೂ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟನ್ನು ಉಬ್ಬಿಸುತ್ತದೆ. ನೀವು ಯೀಸ್ಟ್ ಎಂದು ಬರೆದದ್ದು ತಪ್ಪು. ಮುಖ್ಯ ಪಾತ್ರ ಲ್ಯೂಕೊನಾಸ್ಟಾಕ್‌ನದು. ಗ್ಲೂಕೋಸನ್ನು ಅದು ಲ್ಯಾಕ್ಟಿಕ್ ಆಮ್ಲ, ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಹುಳಿ ಆಮ್ಲದಿಂದ, ಉಬ್ಬು ಅನಿಲದಿಂದ. ಮೊಸರಿನ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಬರೀ ಲ್ಯಾಕ್ಟಿಕ್ ಆಮ್ಲ ಮಾಡುವುದರಿಂದ ಮೊಸರು ಹುಳಿಯಾಗುತ್ತದೆ, ಉಬ್ಬುವುದಿಲ್ಲ. ಹುದುಗುವಿಕೆಯ ಎರಡು ಬಗೆಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ.

ತಿದ್ದಿದ ಪ್ರತಿಯನ್ನು 1,500 ಪದಗಳೊಳಗೆ ಕಳಿಸಿ. ಪೋಷಣೆಯ ಕೋಷ್ಟಕ ಬೇಡ, ಗ್ರಾಫ್ ಒಂದೇ ಸಾಕು. ಕಡಿದ ದಿನದ ಜಲ್ಲೆಯ ತುದಿ ಮತ್ತು ಮೂರನೇ ದಿನದ ಜಲ್ಲೆಯ ತುದಿ, ಎರಡನ್ನೂ ಒಂದೇ ಬೆಳಕಿನಲ್ಲಿ ಹತ್ತಿರದಿಂದ ತೆಗೆದ ಫೋಟೊಗಳನ್ನು ಜೊತೆಗಿಡಿ.