ಸೆಪ್ಟೆಂಬರಿಗೆ ಟೋಕಿಯೋಗೆ ಬರುವ ತಂಗಿಗೆ

ಅಕ್ಕಾ ಅಂತ ಕರೆದಿದ್ದೀಯಲ್ಲ, ಹಾಗಾಗಿ ‘ನೀನು’ ಅಂತಲೇ ಬರೆಯುತ್ತೇನೆ. ಟೋಕಿಯೋದ ಯುನೈಟೆಡ್ ನೇಷನ್ಸ್ ಯೂನಿವರ್ಸಿಟಿಯಲ್ಲಿ ಎಂಎಸ್ಸಿಗೆ ಸೀಟು ಸಿಕ್ಕಿದೆ ಅಂದಿದ್ದೀಯ. ಕ್ಯಾಂಪಸ್ ಹೇಗಿದೆ, ಜಪಾನಿ ಕಲಿಯಲೇಬೇಕಾ, ಸಸ್ಯಾಹಾರಿಗಳು ಏನು ತಿನ್ನುತ್ತಾರೆ, ಓದು ಮುಗಿದ ಮೇಲೆ ವಿಶ್ವಸಂಸ್ಥೆಯಲ್ಲಿ ಕೆಲಸ ಸಿಗುತ್ತಾ ಅಂತ ಕೇಳಿದ್ದೀಯ. ನಾನು ಅಲ್ಲಿ ಓದಿದವಳಲ್ಲ. ಆದರೆ ಹನ್ನೆರಡು ವರ್ಷದಿಂದ ಈ ಊರಲ್ಲಿದ್ದೇನೆ. ಆ ಕಟ್ಟಡದ ಮುಂದೆಯೇ ಎಷ್ಟೋ ಸಲ ತರಕಾರಿ ಕೊಂಡಿದ್ದೇನೆ.

ಕೊನೆಯ ಪ್ರಶ್ನೆ ಮೊದಲು. ಇಲ್ಲ, ಕೆಲಸ ತಾನಾಗಿ ಸಿಗುವುದಿಲ್ಲ. ಶಿರಸಿಯಲ್ಲಿ ಇಷ್ಟು ಹೊತ್ತಿಗೆ “ನಮ್ಮ ಹುಡುಗಿ ವಿಶ್ವಸಂಸ್ಥೆಗೆ ಸೇರಿದಳು” ಅಂತ ಸುದ್ದಿ ಹಬ್ಬಿರುತ್ತದೆ, ಗೊತ್ತು. ಆ ಹುದ್ದೆಗಳಿಗೆ ನೀನೂ ಎಲ್ಲರ ಹಾಗೆ ಅರ್ಜಿ ಹಾಕಿ ಕಾಯಬೇಕು. ಈ ಸಂಸ್ಥೆ ಹುಟ್ಟಿದ್ದು ಸಂಶೋಧನೆಗೆ. ಶಾಂತಿ, ಅಭಿವೃದ್ಧಿಗಾಗಿ ಇಂಥದ್ದೊಂದು ಬೇಕು ಅಂತ 1969ರಲ್ಲಿ ಹೇಳಿದ್ದು ಆಗ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಬರ್ಮಾದ ಊ ಥಾಂಟ್. ಟೋಕಿಯೋದಲ್ಲಿ ಕೆಲಸ ಶುರುವಾದದ್ದು 1975ರಲ್ಲಿ. ಡಿಗ್ರಿ ಕೊಡುವ ಅಧಿಕಾರ ಬಂದದ್ದು ಮಾತ್ರ 2009ರ ಕೊನೆಗೆ. ಇದರ ಬೇರೆ ಬೇರೆ ಶಾಖೆಗಳು ಹೆಲ್ಸಿಂಕಿ, ಬಾನ್, ಕೆನಡಾ ಅಂತ ಚದುರಿ ಹೋಗಿವೆ.

ಧಾರವಾಡದ ಹಾಗೆ ಮರ, ಮೈದಾನ ಇರುವ ಕ್ಯಾಂಪಸ್ ಅಂದುಕೊಂಡು ಬರಬೇಡ. ಶಿಬುಯಾದ ದೊಡ್ಡ ರಸ್ತೆಯ ಪಕ್ಕ ಒಂದೇ ಕಟ್ಟಡ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದೆ. ವಿನ್ಯಾಸ ಕೆಂಜೊ ತಾಂಗೆ ಅವರದ್ದು. ಹಿರೋಷಿಮಾದ ಶಾಂತಿ ಸ್ಮಾರಕ ಉದ್ಯಾನ ರೂಪಿಸಿದವರೂ ಅವರೇ. ಒಮ್ಮೆ ಹಿರೋಷಿಮಾಕ್ಕೆ ಹೋಗಿ ಬಾ, ಖರ್ಚಾದರೂ ಪರವಾಗಿಲ್ಲ.

ಅಡಿಕೆ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟದ ಬಗ್ಗೆ ಸಂಶೋಧನೆ ಮಾಡುವ ಆಸೆ, ಇಲ್ಲಿ ಯಾರಿಗೆ ಅರ್ಥವಾಗುತ್ತೆ ಅಂತ ಅಳುಕು ಅಂದಿದ್ದೀಯ. ಸುಮ್ನೆ ಹೆದರಬೇಡ. ಊರಿನ ಪಕ್ಕದ ಗುಡ್ಡ, ಗದ್ದೆ, ಕೆರೆ ಎಲ್ಲ ಸೇರಿದ ಜಾಗಕ್ಕೆ ಜಪಾನಿನವರು ಸಾತೋಯಾಮಾ ಅನ್ನುತ್ತಾರೆ. ಗುಡ್ಡದ ದರಗು ಗದ್ದೆಗೆ ಗೊಬ್ಬರವಾಗುತ್ತಿತ್ತು, ಕಡಿದ ಮರ ಬುಡದಿಂದ ಮತ್ತೆ ಚಿಗುರುತ್ತಿತ್ತು. ನಿಮ್ಮ ಅಡಿಕೆ ತೋಟಕ್ಕೆ ಬೆಟ್ಟದಿಂದ ಸೊಪ್ಪು ತರುವುದಕ್ಕೂ ಇದಕ್ಕೂ ಏನು ದೂರ? ಈಗ ಇಲ್ಲಿನ ಹಳ್ಳಿಗಳಲ್ಲಿ ವಯಸ್ಸಾದವರೇ ಜಾಸ್ತಿ, ಗುಡ್ಡ ನೋಡಿಕೊಳ್ಳುವವರಿಲ್ಲ. ಇಂಥ ಜಾಗಗಳಿಗಾಗಿ 2010ರಲ್ಲಿ ನಗೋಯಾದ ಜೀವವೈವಿಧ್ಯ ಸಮ್ಮೇಳನದಲ್ಲಿ ಒಂದು ಅಂತರರಾಷ್ಟ್ರೀಯ ಒಕ್ಕೂಟ ಶುರುವಾಯಿತು. ಅದರ ಕಚೇರಿ ಇರುವುದು ನೀನು ಸೇರುವ ಸಂಸ್ಥೆಯಲ್ಲೇ. ಮೊದಲ ವಾರವೇ ಹೋಗಿ ಬಾಗಿಲು ತಟ್ಟು.

ಆ ಕಟ್ಟಡದ ಒಳಗೆ ಇಂಗ್ಲಿಷ್ ಸಾಕು. ತೊಂದರೆ ಅದೇ. ಎರಡು ವರ್ಷ ಅಲ್ಲಿದ್ದು, ಒಬ್ಬ ಜಪಾನಿ ಗೆಳತಿಯೂ ಇಲ್ಲದೆ ಹೋದವರನ್ನು ನೋಡಿದ್ದೇನೆ. ಮನೆ ಸಿಕ್ಕ 14 ದಿನದೊಳಗೆ ವಾರ್ಡ್ ಆಫೀಸಿನಲ್ಲಿ ವಿಳಾಸ ಬರೆಸಬೇಕು. ಆರೋಗ್ಯ ವಿಮೆಯೂ ಅಲ್ಲೇ. ವಿಮೆ ಇದ್ದರೆ ಆಸ್ಪತ್ರೆ ಬಿಲ್ಲಿನಲ್ಲಿ ನಿನ್ನ ಪಾಲು ಶೇ. 30 ಮಾತ್ರ, ಅದನ್ನು ಮಾಡಿಸುವುದು ತಪ್ಪಿಸಬೇಡ. ಹಿರಗಾನ, ಕತಕಾನ ಅನ್ನುವ ಜಪಾನಿ ಅಕ್ಷರಮಾಲೆ ಎರಡನ್ನೂ ಊರಲ್ಲೇ ಕಲಿತು ಬಾ. ಕಾಗುಣಿತ ಕಲಿತವರಿಗೆ ಅದೇನು ಮಹಾ ಅಲ್ಲ. ಚೀನಾದಿಂದ ಬಂದ ಅಕ್ಷರಗಳು, ಕಾಂಜಿ, ಬೇರೆ ಕಥೆ, ನಾನೇ ಇನ್ನೂ ಒದ್ದಾಡುತ್ತಿದ್ದೇನೆ.

ಇನ್ನು ಊಟ. ಬಂದ ಹೊಸದರಲ್ಲಿ ಎರಡು ತಿಂಗಳು ದಿನಾ ಮಿಸೋ ಸೂಪು ಕುಡಿದೆ. ಸೋಯಾದ್ದು, ನಮ್ಮ ಸಾರಿನ ಹಾಗೆ ಅಂತ ಖುಷಿ. ಆಮೇಲೆ ಸಹೋದ್ಯೋಗಿಯೊಬ್ಬರು ನಗುತ್ತಾ ಹೇಳಿದರು, ಅದರ ರುಚಿಯೆಲ್ಲ ಒಣಮೀನಿನದು ಅಂತ. ‘ದಾಶಿ’ ಅನ್ನುವ ಆ ನೀರು ಇಲ್ಲಿ ಬೇಯಿಸಿದ ತರಕಾರಿಯಲ್ಲೂ ಇರುತ್ತದೆ. ಕುಕ್ಕರ್ ತಗೊಂಡು ಬಾ. ಬೇಳೆ, ಸಾಸಿವೆ, ಇಂಗು ಎಲ್ಲ ನಾವಿರುವ ನಿಶಿ-ಕಸಾಯಿಯ ಅಂಗಡಿಗಳಲ್ಲಿ ಸಿಗುತ್ತವೆ. ಹಸಿ ಕರಿಬೇವು ಮಾತ್ರ ತರಬೇಡ, ಏರ್‌ಪೋರ್ಟಲ್ಲೇ ಕಿತ್ತುಕೊಳ್ಳುತ್ತಾರೆ.

ಶನಿವಾರ, ಭಾನುವಾರ ಯೂನಿವರ್ಸಿಟಿ ಮುಂದಿನ ಅಂಗಳದಲ್ಲಿ ರೈತರ ಸಂತೆ. ತೋಳುದ್ದದ ಮೂಲಂಗಿ, ಸೊಪ್ಪಿನ ಸಮೇತ, ಬುಡದಲ್ಲಿ ಇನ್ನೂ ಮಣ್ಣು. ಅದರಲ್ಲಿ ಹುಳಿಯೂ ಆಗುತ್ತೆ, ಸೊಪ್ಪಿನ ಪಲ್ಯವೂ ಆಗುತ್ತೆ. ಬಂದ ಮೊದಲ ಶನಿವಾರ ಹತ್ತೂವರೆಗೆ ಅಲ್ಲಿ ಸಿಗೋಣ. ಒಮೊತೆಸಾಂದೊ ಸ್ಟೇಷನ್ನಿನಿಂದ ನಡೆದರೆ ಐದು ನಿಮಿಷ. ಅಪ್ಪೆಮಿಡಿ ಉಪ್ಪಿನಕಾಯಿ ತರುವುದಾದರೆ ಮುಚ್ಚಳಕ್ಕೆ ಎರಡು ಸುತ್ತು ಟೇಪ್ ಹಾಕು. ನನ್ನ ಒಂದು ರೇಷ್ಮೆ ಸೀರೆ ಹಾಗೇ ಹೋಯಿತು.